ಕಲ್ಲು ಬರೆದಿಟ್ಟ ಮಳೆ ಲೆಕ್ಕ



ಈ ಸಲ ಕಲ್ಲಿನ ಬಗ್ಗೆ ಬರೆಯುತ್ತೇನೆ ಅಂದಾಗ ನಮ್ಮ ಸಂಪಾದಕ ಮಂಡಳಿಯವರು "ಕಲ್ಲಿನ ಬಗ್ಗೆ ಬರಿಯೋಕೆ ಏನೇ ಇರ್ತದೆ?" ಅಂತ ನಕ್ಕರು. ಅರ್ಧ ಹಾಳೆ ಸಾಕು ಅಂದಿದ್ದರು. ಬರೆದು ಮುಗಿಸುವಾಗ ನಾಲ್ಕು ಹಾಳೆ ಆಯಿತು. ಹಾಳೆಗಳನ್ನು ಒಂದರ ಕೆಳಗೆ ಒಂದು ಅಂಟಿಸಿದ್ದೇವೆ. ಚಿಕ್ಕ ತರಗತಿಯವರು ಕೆಳಗಿನ ಹಾಳೆಯಿಂದ ಶುರು ಮಾಡಬೇಡಿ, ಸ್ಟೂಲ್ ಹಾಕಿಕೊಂಡು ಮೇಲಿನಿಂದಲೇ ಓದಿ.

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಈ ಲೇಖನ ಹುಟ್ಟಿದ್ದೇ ಆ ತಪ್ಪಿನಿಂದ.

ರಿಚರ್ಡ್ಸ್ ಟೌನ್‌ನಲ್ಲಿ ಸಿಕ್ಕ ಕಲ್ಲು

ನಮ್ಮ ಹೊಲದ ಬೋರ್‌ವೆಲ್ ನಿಂತುಹೋದ ಮೇಲೆ ಅಪ್ಪ ಬೆಂಗಳೂರಿಗೆ ಹೋದರು. ಅಲ್ಲಿ ರಿಚರ್ಡ್ಸ್ ಟೌನ್‌ನಲ್ಲಿ ಒಂದು ದೊಡ್ಡ ಹಳೇ ಮನೆಯಲ್ಲಿ ತೋಟದ ಕೆಲಸ ಮಾಡುತ್ತಾರೆ. ಅಮ್ಮ, ಅಜ್ಜಿ, ನಾನು ಊರಲ್ಲೇ ಇದ್ದೇವೆ. ಹೋದ ದಸರಾ ರಜೆಯಲ್ಲಿ ನಾನು ಹತ್ತು ದಿನ ಅಪ್ಪನ ಹತ್ತಿರ ಇದ್ದೆ. ಹೊಸಕೋಟೆಯಲ್ಲಿ ಬಸ್ ಹತ್ತಿ, ಕೆ.ಆರ್. ಪುರ ದಾಟಿ, ಶಿವಾಜಿನಗರದಲ್ಲಿ ಇಳಿದು ಮತ್ತೆ ಇನ್ನೊಂದು ಬಸ್ಸು.

ರಿಚರ್ಡ್ಸ್ ಟೌನ್ ಬೆಂಗಳೂರಿನ ದಂಡಿನ ಕಡೆ ಇದೆ. ಶಿವಾಜಿನಗರದಲ್ಲಿ ಕಿವಿ ಮುಚ್ಚಿಕೊಳ್ಳುವಷ್ಟು ಗಲಾಟೆ, ಇಲ್ಲಿಗೆ ಬಂದರೆ ದೊಡ್ಡ ದೊಡ್ಡ ಮರಗಳ ನೆರಳು. ನಡುವೆ ರಿಚರ್ಡ್ಸ್ ಪಾರ್ಕ್ ಇದೆ. ಬೆಂಗಳೂರು ಪೂರ್ವ ರೈಲ್ವೆ ನಿಲ್ದಾಣ ಹತ್ತಿರವೇ ಇರುವುದರಿಂದ ರಾತ್ರಿ ಮಲಗಿದಾಗ ರೈಲಿನ ಕೂಗು ಕೇಳುತ್ತದೆ.

ಅಪ್ಪನ ಕೋಣೆ ಆ ಮನೆಯ ಹಿತ್ತಲಲ್ಲಿದೆ. ಕೋಣೆಯ ಪಕ್ಕದಲ್ಲಿ ಸಿಮೆಂಟಿನ ನೀರಿನ ತೊಟ್ಟಿ, ಕಂಬಗಳ ಮೇಲೆ ಎತ್ತರದಲ್ಲಿ ಕಟ್ಟಿದ್ದು. ಅದರ ತಳ ಸ್ವಲ್ಪ ಸೋರುತ್ತದೆ. ಒಂದು ಹನಿ ಬಿದ್ದು ಇನ್ನೊಂದು ಹನಿ ಬೀಳುವುದರೊಳಗೆ ಇಪ್ಪತ್ತರವರೆಗೆ ಎಣಿಸಬಹುದು. ಆ ಹನಿ ಬೀಳುವ ಜಾಗದಲ್ಲಿ ತೊಟ್ಟಿಯ ತಳದಿಂದ ಬಳಪದ ಕಡ್ಡಿಯಷ್ಟು ತೆಳ್ಳಗೆ, ಬೆಳ್ಳಗೆ ಒಂದು ಕಡ್ಡಿ ಜೋತಾಡುತ್ತಿತ್ತು. ನೆಲದ ಮೇಲೆ ಅದರ ನೇರಕ್ಕೆ ಬಿಳಿ ದೋಸೆಯ ಹಾಗೆ ಒಂದು ಉಬ್ಬು.

ನಾನು ಮೊದಲು ಅದನ್ನು ಪಾರಿವಾಳದ ಗಲೀಜು ಅಂದುಕೊಂಡೆ. ಏಣಿ ಹತ್ತಿ ಮುಟ್ಟಿದರೆ ಕಲ್ಲು! ನಿಮಗೆಲ್ಲಾ ತೋರಿಸಬೇಕು ಅಂತ ಆಸೆಯಾಗಿ ಅದನ್ನು ಪಟ್ ಅಂತ ಮುರಿದೆ. ಒಳಗೆ ಪೊಳ್ಳು, ತಂಪು ಪಾನೀಯ ಕುಡಿಯುವ ನಳಿಗೆಯ ಹಾಗೆ. ಕಂಪಾಸ್ ಬಾಕ್ಸ್‌ನಲ್ಲಿ ನನ್ನ ಮೋಟು ಪೆನ್ಸಿಲ್ ಪಕ್ಕ ಇಟ್ಟುಕೊಂಡೆ. ಎರಡೂ ಒಂದೇ ಉದ್ದ ಇದ್ದವು. ಶಿವಾಜಿನಗರದಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಬಾಕ್ಸ್ ಬಿತ್ತು. ಊರಿಗೆ ಬಂದು ತೆಗೆದರೆ ಕಲ್ಲೆಲ್ಲಾ ಚೂರು ಚೂರು.

ಆ ಚೂರುಗಳನ್ನೇ ನಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಒಂದು ಚೂರನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. "ಇದು ಸುಣ್ಣದ ಕಲ್ಲು" ಅಂದರು. ಆಮೇಲೆ ಕೇಳಿದರು: "ಮುರಿಯೂದಕ್ಕಿಂತ ಮೊದಲ ಅಳತಿ ತಗೊಂಡಿದ್ದಿಯೇನವಾ?" ನಮ್ಮ ಮೇಷ್ಟ್ರು ಧಾರವಾಡದ ಕಡೆಯವರು, ಅದು ನಿಮಗೆ ಗೊತ್ತೇ ಇದೆ. ನಾನು ತಲೆ ತಗ್ಗಿಸಿದೆ. "ಒಂದು ಪುಸ್ತಕ ಸಿಕ್ಕಿತ್ತು ನಿನಗ. ಓದೂದಕ್ಕಿಂತ ಮೊದಲ ಹರದು ಹಾಕಿದಿ" ಅಂದರು.

ಕಲ್ಲು ಪುಸ್ತಕ ಹೇಗಾಗುತ್ತದೆ? ಅದನ್ನೇ ಈಗ ಹೇಳುತ್ತೇನೆ.

ನೀರಿನಿಂದ ಕಲ್ಲು ಹೇಗೆ? ಮಾಡಿ ನೋಡಿ

ಇದಕ್ಕೆ ಬೇಕಾದ್ದು ಅಜ್ಜಿಯ ಎಲೆ ಅಡಿಕೆ ಚೀಲದ ಸುಣ್ಣ, ಒಂದು ಗಾಜಿನ ಲೋಟ, ಒಂದು ನಳಿಗೆ.

1. ಲೋಟದ ನೀರಿಗೆ ಕಡಲೆಕಾಳಿನಷ್ಟು ಸುಣ್ಣ ಹಾಕಿ ಕದಡಿ. ರಾತ್ರಿಯೆಲ್ಲಾ ಹಾಗೇ ಬಿಡಿ. ಬೆಳಿಗ್ಗೆ ಮೇಲೆ ನಿಂತ ತಿಳಿಯನ್ನು ಮಾತ್ರ ಬೇರೆ ಲೋಟಕ್ಕೆ ಬಗ್ಗಿಸಿ, ಅದಕ್ಕೆ ಅಷ್ಟೇ ನೀರು ಬೆರೆಸಿ.

2. ನಳಿಗೆಯಿಂದ ಮೆಲ್ಲಗೆ ಊದಿ. (ಊದಬೇಕು, ಹೀರಬಾರದು! ಸುಣ್ಣದ ನೀರು ಬಾಯಿ ಸುಡುತ್ತದೆ. ಕಣ್ಣಿಗೂ ಹಾರಬಾರದು.) ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಸುಣ್ಣದ ಕಲ್ಲು ಎಂದರೆ ಇದೇ.

3. ನಿಲ್ಲಿಸಬೇಡಿ, ಇನ್ನೂ ಊದುತ್ತಾ ಇರಿ. ದವಡೆ ನೋಯುತ್ತದೆ. ಸ್ವಲ್ಪ ಹೊತ್ತಿಗೆ ಆ ಹಾಲು ಮತ್ತೆ ತಿಳಿಯಾಗುತ್ತಾ ಬರುತ್ತದೆ. ಇಂಗಾಲದ ಡೈ ಆಕ್ಸೈಡ್ ಹೆಚ್ಚಾದಾಗ ಕಲ್ಲು ನೀರಿನಲ್ಲಿ ಕರಗಿತು.

4. ಆ ತಿಳಿನೀರನ್ನು ದೊಡ್ಡವರ ಸಹಾಯದಿಂದ ಪಾತ್ರೆಯಲ್ಲಿ ಕಾಯಿಸಿ. ಅನಿಲ ಹಾರಿಹೋಗುತ್ತದೆ. ನೀರು ಮತ್ತೆ ಬೆಳ್ಳಗೆ ಮಬ್ಬಾಗುತ್ತದೆ. ಕರಗಿದ್ದ ಕಲ್ಲು ವಾಪಸ್ ಬಂತು!

ರಿಚರ್ಡ್ಸ್ ಟೌನ್ ತೊಟ್ಟಿಯಲ್ಲಿ ನಡೆದದ್ದು ಎರಡನೆಯ ಹಂತ. ಸಿಮೆಂಟಿನಲ್ಲಿರುವ ಸುಣ್ಣವನ್ನು ನೀರು ಕರಗಿಸಿಕೊಂಡು ಬಂತು. ಹನಿ ಹೊರಗೆ ಬಂದ ಕೂಡಲೇ ಗಾಳಿಯ ಇಂಗಾಲದ ಡೈ ಆಕ್ಸೈಡ್ ತಗುಲಿ ಅಂಚಿನಲ್ಲಿ ಕಲ್ಲಾಯಿತು. ಹನಿಯ ಅಂಚು ದುಂಡಗಿರುವುದರಿಂದ ಕಲ್ಲೂ ದುಂಡಗೆ ಕೊಳವೆಯಾಗಿ ಬೆಳೆಯಿತು.

ಗುಹೆಗಳಲ್ಲಿ ನಡೆಯುವುದು ಮೂರನೆಯ ಮತ್ತು ನಾಲ್ಕನೆಯ ಹಂತ. ಕಾಡಿನ ಮೇಲೆ ಮಳೆ ಬೀಳುತ್ತದೆ. ನೀರು ಮಣ್ಣಿಗೆ ಇಳಿಯುತ್ತದೆ. ಮಣ್ಣಿನಲ್ಲಿ ಬೇರುಗಳು, ಕೊಳೆತ ಎಲೆಗಳು, ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಇಂಗಾಲದ ಡೈ ಆಕ್ಸೈಡ್ ತುಂಬಾ ಇರುತ್ತದೆ. ಅದನ್ನು ಕುಡಿದ ನೀರು ಸ್ವಲ್ಪ ಹುಳಿಯಾಗಿ ಕೆಳಗಿನ ಸುಣ್ಣದ ಬಂಡೆಯನ್ನು ಕರಗಿಸುತ್ತದೆ. ಬಿರುಕಿನಲ್ಲಿ ಇಳಿದು ಗುಹೆಯ ಚಾವಣಿಗೆ ಬಂದಾಗ ಅನಿಲ ಹಾರಿಹೋಗುತ್ತದೆ. ಒಲೆಯೇ ಇಲ್ಲದೆ ಕಲ್ಲು ವಾಪಸ್ ಬರುತ್ತದೆ.

ಚಾವಣಿಯಿಂದ ಜೋತುಬೀಳುವ ಕಲ್ಲಿಗೆ ಸ್ಟ್ಯಾಲಕ್ಟೈಟ್ ಎಂದೂ, ಹನಿ ಬಿದ್ದ ಕಡೆ ನೆಲದಿಂದ ಮೇಲೇಳುವ ಕಲ್ಲಿಗೆ ಸ್ಟ್ಯಾಲಗ್ಮೈಟ್ ಎಂದೂ ಹೆಸರು. ನಾಲಿಗೆ ತಿರುಗದವರಿಗಾಗಿ ನಾನು ತೂಗುಗಲ್ಲು, ಏಳುಗಲ್ಲು ಅಂತ ಹೆಸರಿಟ್ಟಿದ್ದೇನೆ. ವಿಜ್ಞಾನಿಗಳಿಗೆ ಹೆಚ್ಚು ಇಷ್ಟ ಏಳುಗಲ್ಲು. ಯಾಕೆಂದರೆ ಅದು ಪದರದ ಮೇಲೆ ಪದರವಾಗಿ, ಅಜ್ಜಿ ರೊಟ್ಟಿ ಪೇರಿಸಿದ ಹಾಗೆ, ಅಚ್ಚುಕಟ್ಟಾಗಿ ಬೆಳೆಯುತ್ತದೆ. ಎಲ್ಲಕ್ಕಿಂತ ಕೆಳಗಿನ ಪದರ ಹಳೆಯದು, ತುದಿ ಹೊಸದು.

ನಮ್ಮ ಕಡೆ ಇಂಥ ಗುಹೆ ಯಾಕಿಲ್ಲ?

ಬೆಂಗಳೂರು, ಹೊಸಕೋಟೆ, ಕೋಲಾರದ ಬಂಡೆಗಳು ಬೇರೆ ಜಾತಿ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ಸುಣ್ಣದ ಬಂಡೆಯಲ್ಲ, ಮಳೆನೀರಿಗೆ ಸುಲಭವಾಗಿ ಕರಗುವುದಿಲ್ಲ. ನಮಗೆ ಹತ್ತಿರದ ದೊಡ್ಡ ಸುಣ್ಣದ ಗುಹೆ ಎಂದರೆ ಆಂಧ್ರದ ಬೆಲಂ ಗುಹೆ. ಅದರ ಉದ್ದ 3,229 ಮೀಟರ್. (ಶಾಲಾ ಪ್ರವಾಸಕ್ಕೆ ಇದನ್ನು ಯೋಚಿಸಬಹುದು ಅಂತ ಮುಖ್ಯೋಪಾಧ್ಯಾಯರಲ್ಲಿ ವಿನಂತಿ.)

ನಮ್ಮ ಕರ್ನಾಟಕದಲ್ಲೇ ಇಂಥ ಕಲ್ಲಿರುವ ಗುಹೆ ಇದೆಯೇ ಎಂದರೆ, ಇದೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟ ಕಾಡಿನಲ್ಲಿ ಉಳವಿ ಎಂಬ ಊರಿದೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಹೊರಟ ಶರಣರು ಚೆನ್ನಬಸವಣ್ಣನವರ ಜೊತೆ ಬಂದು ಸೇರಿದ್ದು ಅಲ್ಲಿಗೆ. ಚೆನ್ನಬಸವಣ್ಣನವರ ಸಮಾಧಿ ಅಲ್ಲಿದೆ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುತ್ತಾರೆ. ನಮ್ಮ ಮೇಷ್ಟ್ರೂ ಚಿಕ್ಕಂದಿನಲ್ಲಿ ಚಕ್ಕಡಿಯಲ್ಲಿ ಹೋಗಿದ್ದರಂತೆ. ಆ ಕಾಡಿನಲ್ಲಿ ಹಲವಾರು ಗವಿಗಳು. ಅವುಗಳಲ್ಲಿ ಒಂದರ ಹೆಸರು ಆಕಳಗವಿ. ಆ ಕಡೆ ಆಕಳು ಅಂದರೆ ನಮ್ಮ ಕಡೆಯ ಹಸು. ಸುಣ್ಣದ ನೀರು ತೊಟ್ಟಿಕ್ಕುವ ತೂಗುಗಲ್ಲುಗಳನ್ನು ನೋಡಿದರೆ ಹಸುವಿನ ಕೆಚ್ಚಲೇ ನೆನಪಾಗುತ್ತದೆ ಅಂತ ಮೇಷ್ಟ್ರು ಹೇಳಿದರು.

ಈ ಆಕಳಗವಿಯ ಒಂದು ಏಳುಗಲ್ಲನ್ನು ವಿಜ್ಞಾನಿಗಳು ಓದಿದ್ದಾರೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ.ಜಿ. ಯಾದವ ಮತ್ತು ಆರ್. ರಮೇಶ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಜಿ.ಬಿ. ಪಂತ್ ಇವರು 2004ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಆ ಕಲ್ಲಿನ ವಯಸ್ಸು 331 ವರ್ಷ! ಅಂದರೆ ಅದು ಬೆಳೆಯಲು ಶುರುವಾದದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ, ಸುಮಾರು ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದ (1673) ಕಾಲ.

331 ಅಂತ ಅಷ್ಟು ಸರಿಯಾಗಿ ಹೇಗೆ ಗೊತ್ತಾಯಿತು? ನನಗೂ ಅದೇ ಅನುಮಾನ ಬಂತು.

ನಾನು ಹಾಕಿದ ಲೆಕ್ಕ

ಸಂಕ್ರಾಂತಿಗೆ ಅಪ್ಪನ ಹತ್ತಿರ ಮತ್ತೆ ಹೋದೆ. ನಾನು ಮುರಿದ ಜಾಗದಲ್ಲೇ ಹೊಸ ಕೊಳವೆ ಬಂದಿತ್ತು! ಈ ಸಲ ಮುಟ್ಟಲಿಲ್ಲ. ಅಪ್ಪ ಏಣಿ ಹಿಡಿದುಕೊಂಡರು, ನಾನು ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೆದೆ. 2 ಸೆಂ.ಮೀ. ಇತ್ತು.

ಮುರಿದ ದಿನದಿಂದ ಅಳೆದ ದಿನಕ್ಕೆ 95 ದಿನ. 20 ಮಿ.ಮೀ.ಯನ್ನು 95ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 0.21 ಮಿ.ಮೀ. ಮುರಿದ ಕೊಳವೆ ನನ್ನ ಮೋಟು ಪೆನ್ಸಿಲಿನಷ್ಟು ಉದ್ದ ಇತ್ತಲ್ಲ, ಆ ಪೆನ್ಸಿಲನ್ನು ಬರೆಯದೆ ಜೋಪಾನವಾಗಿ ಇಟ್ಟಿದ್ದೆ. ಅದರ ಉದ್ದ 8 ಸೆಂ.ಮೀ., ಅಂದರೆ 80 ಮಿ.ಮೀ. 80ನ್ನು 0.21ರಿಂದ ಭಾಗಿಸಿದರೆ ಸುಮಾರು 380 ದಿನ. ಒಂದು ವರ್ಷ, ಮೇಲೆ ಹದಿನೈದು ದಿನ.

"ಅಪ್ಪಾ, ಈ ತೊಟ್ಟಿ ಸೋರೋಕೆ ಶುರುವಾಗಿದ್ದು ಯಾವಾಗ?" ಅಂತ ಕೇಳಿದೆ. ಅಪ್ಪ ತಲೆ ಕೆರೆದುಕೊಂಡು "ಅದರ ಹಿಂದಿನ ದಸರಾಕ್ಕೆ ಸ್ವಲ್ಪ ಮುಂಚೆ ಮಗಾ, ಪ್ಲಂಬರ್ ಬಂದು ಪೈಪ್ ಬದಲಾಯಿಸಿದ ಮೇಲೆ" ಅಂದರು. ನಾನು ಹಾಕಿದ ಲೆಕ್ಕ ಸರಿಯಾಗಿತ್ತು! ಏಣಿಯ ಮೇಲೆ ಕುಣಿಯಲು ಹೋಗಿ ಬೈಸಿಕೊಂಡೆ.

ಆದರೆ ಮೇಷ್ಟ್ರು ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡಲಿಲ್ಲ. ಗುಹೆಯ ಕಲ್ಲು ಬಹಳ ನಿಧಾನ. ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಬೆಳೆದರೆ ಹೆಚ್ಚು. ಆ ಲೆಕ್ಕ ಹಿಡಿದು ನನ್ನ 80 ಮಿ.ಮೀ. ಕೊಳವೆಯ ವಯಸ್ಸು ನೋಡಿ ಅಂದರು. 800 ವರ್ಷ ಬಂತು! 800 ವರ್ಷದ ಹಿಂದೆ ರಿಚರ್ಡ್ಸ್ ಟೌನ್ ಎಲ್ಲಿತ್ತು? ದಂಡು ಬೆಂಗಳೂರಿಗೆ ಬಂದದ್ದು 1809ರಲ್ಲಿ. ಕೆಂಪೇಗೌಡರು ಬೆಂಗಳೂರು ಕಟ್ಟಿಸಿದ್ದೇ 1537ರಲ್ಲಿ. ತರಗತಿಯೆಲ್ಲಾ ನಕ್ಕಿತು.

ನೋಡಿ, ಬೆಳೆಯುವ ವೇಗವನ್ನು ಅಂದಾಜು ಮಾಡಿದರೆ ಒಂದು ವರ್ಷದ ಕಲ್ಲು 800 ವರ್ಷದ್ದಾಗುತ್ತದೆ. ಗುಹೆಯಲ್ಲೂ ಒಂದು ಕಡೆ ಬೇಗ, ಒಂದು ಕಡೆ ನಿಧಾನ. ಬರಗಾಲದಲ್ಲಿ ಹನಿ ನಿಂತರೆ ಬೆಳವಣಿಗೆಯೂ ನಿಲ್ಲಬಹುದು. ಆದ್ದರಿಂದ ಉದ್ದ ನೋಡಿ ವಯಸ್ಸು ಹೇಳಬಾರದು. ಹಾಗಾದರೆ ಹೇಗೆ ಹೇಳುವುದು? ಎರಡು ದಾರಿ ಇವೆ.

ಮೊದಲನೆಯ ದಾರಿ: ಪದರ ಎಣಿಸುವುದು

ಏಳುಗಲ್ಲನ್ನು ಉದ್ದಕ್ಕೆ ಸೀಳಿ ನುಣ್ಣಗೆ ಉಜ್ಜಿದರೆ ಒಳಗೆ ಗೆರೆಗಳು ಕಾಣುತ್ತವೆ. ಮಳೆಗಾಲದಲ್ಲಿ ಹನಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಅದಕ್ಕೆ ತಕ್ಕಂತೆ ಪದರದ ಬಣ್ಣ, ಗಟ್ಟಿತನ ಬದಲಾಗುತ್ತದೆ. ಮರದ ಕಾಂಡದ ಉಂಗುರಗಳ ಹಾಗೆ ಒಂದು ವರ್ಷಕ್ಕೆ ಒಂದು ಪದರ. ಆಕಳಗವಿಯ ಕಲ್ಲನ್ನು ಹೀಗೇ ಎಣಿಸಿದ್ದು. ಅದನ್ನು ತಂದಾಗಲೂ ಅದು ಬೆಳೆಯುತ್ತಲೇ ಇತ್ತು. ಆದ್ದರಿಂದ ತುದಿಯ ಪದರ ತಂದ ವರ್ಷದ್ದು ಎಂದು ಖಚಿತ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಹೋದರೆ 331.

ಎರಡನೆಯ ದಾರಿ: ಯುರೇನಿಯಂ ಗಡಿಯಾರ

ಎಲ್ಲಾ ಕಲ್ಲಿನಲ್ಲೂ ಪದರ ಚೆನ್ನಾಗಿ ಕಾಣುವುದಿಲ್ಲ. ಸಾವಿರಾರು ವರ್ಷದ ಕಲ್ಲಾದರೆ ಎಣಿಸುವುದೂ ಕಷ್ಟ. ಆಗ ಯುರೇನಿಯಂ ಬೇಕು.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯ ಅವರೆಕಾಳಿನ ಡಬ್ಬವನ್ನು ನೆನೆಸಿಕೊಳ್ಳಿ. ಚೆನ್ನಾಗಿ ಒಣಗಿಸಿ, ಒಂದೂ ಹುಳು ಇಲ್ಲದ ಹಾಗೆ ಆರಿಸಿ, ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದಿರಿ. ಕೆಲವು ತಿಂಗಳು ಬಿಟ್ಟು ತೆಗೆದರೆ ಕೆಲವು ಕಾಳು ಹುಳು ಆಗಿರುತ್ತವೆ. ಇನ್ನೂ ಬಿಟ್ಟು ತೆಗೆದರೆ ಇನ್ನೂ ಹೆಚ್ಚು. ಕಾಳು ಎಷ್ಟು, ಹುಳು ಎಷ್ಟು ಎಂದು ಎಣಿಸಿದರೆ ಮುಚ್ಚಳ ಹಾಕಿ ಎಷ್ಟು ದಿನವಾಯಿತು ಎಂದು ಹೇಳಬಹುದು.

ಇಲ್ಲಿ ಯುರೇನಿಯಂ ಕಾಳು, ಥೋರಿಯಂ ಹುಳು. ಬಂಡೆಗಳಲ್ಲಿ ಬಹಳ ಬಹಳ ಕಡಿಮೆ ಯುರೇನಿಯಂ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಆದ್ದರಿಂದ ಹನಿಯ ಜೊತೆ ಗುಹೆಗೆ ಬಂದು ಹೊಸ ಪದರ ಸೇರುವುದು ಯುರೇನಿಯಂ ಮಾತ್ರ. ಪದರ ಗಟ್ಟಿಯಾದದ್ದೇ ಮುಚ್ಚಳ ಬಿಗಿದ ಹಾಗೆ. ಒಳಗೆ ಯುರೇನಿಯಂ-234 ತನ್ನಷ್ಟಕ್ಕೆ ಥೋರಿಯಂ-230 ಆಗುತ್ತಾ ಹೋಗುತ್ತದೆ. ಚಳಿ, ಬಿಸಿಲು, ಮಳೆ ಯಾವುದೂ ಆ ವೇಗವನ್ನು ಬದಲಾಯಿಸುವುದಿಲ್ಲ. ಯುರೇನಿಯಂ-234ರಲ್ಲಿ ಅರ್ಧ ಕರಗಿಹೋಗಲು ಸುಮಾರು 2,45,000 ವರ್ಷ ಬೇಕು. ಥೋರಿಯಂ-230 ಕೂಡ ಹಾಗೇ ಉಳಿಯುವುದಿಲ್ಲ, ಅದು ಅರ್ಧವಾಗಲು ಸುಮಾರು 75,000 ವರ್ಷ. ಈ ಎರಡೂ ಲೆಕ್ಕ ಸೇರಿಸಿ ಪದರದ ವಯಸ್ಸು ಕಂಡುಹಿಡಿಯುತ್ತಾರೆ. ಈ ಗಡಿಯಾರದಿಂದ ಸುಮಾರು 6 ಲಕ್ಷ ವರ್ಷ ಹಿಂದಿನವರೆಗೆ ಹೋಗಬಹುದು.

ಒಂದು ಎಚ್ಚರಿಕೆ. ಡಬ್ಬಕ್ಕೆ ತುಂಬುವಾಗಲೇ ಒಂದೆರಡು ಹುಳು ಸೇರಿಕೊಂಡಿದ್ದರೆ? ನಿಮ್ಮ ಲೆಕ್ಕದಲ್ಲಿ ದಿನ ಜಾಸ್ತಿ ಬರುತ್ತದೆ. ಗುಹೆಗೆ ಮಣ್ಣು, ಧೂಳು ಬಂದರೂ ಹೀಗೇ ಆಗುತ್ತದೆ, ಅದರ ಜೊತೆ ಹಳೇ ಥೋರಿಯಂ ಬಂದುಬಿಡುತ್ತದೆ. ಆದ್ದರಿಂದ ಕೊಳೆ ಇಲ್ಲದ, ಶುಭ್ರವಾದ ಕಲ್ಲನ್ನೇ ಹುಡುಕುತ್ತಾರೆ.

ಮಳೆ ಎಷ್ಟಾಯಿತು ಅಂತ ಕಲ್ಲಿಗೆ ಹೇಗೆ ಗೊತ್ತು?

ಇಷ್ಟು ಹೊತ್ತು ನೋಡಿದ್ದು ತಾರೀಖು. ಡೈರಿಯಲ್ಲಿ ತಾರೀಖು ಇದ್ದರೆ ಸಾಲದು, ಬರಹವೂ ಬೇಕಲ್ಲ. ಆ ಬರಹ ಆಮ್ಲಜನಕದಲ್ಲಿದೆ.

ನೀರಿನಲ್ಲಿ ಆಮ್ಲಜನಕ ಇದೆ ಎಂದು ಓದಿದ್ದೇವೆ. ಅದರಲ್ಲಿ ಹಗುರವಾದದ್ದು ಆಮ್ಲಜನಕ-16, ಭಾರವಾದದ್ದು ಆಮ್ಲಜನಕ-18. ಸುಮಾರು 500ಕ್ಕೆ ಒಂದು ಮಾತ್ರ ಭಾರದ್ದು. ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲ? ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಜಳ್ಳು ದೂರ ಹೋಗುತ್ತದೆ. ಮೋಡದಲ್ಲೂ ಹೆಚ್ಚು ಕಡಿಮೆ ಹಾಗೇ. ಭಾರದ ಆಮ್ಲಜನಕ ಇರುವ ನೀರು ಮೊದಲು ಮಳೆಯಾಗಲು ನೋಡುತ್ತದೆ. ಮಳೆ ಸುರಿದು ಸುರಿದು ಜೋರಾದಷ್ಟೂ ಮೋಡದಲ್ಲಿ ಭಾರದ್ದು ಖರ್ಚಾಗಿ, ಬೀಳುವ ನೀರಿನಲ್ಲಿ ಅದರ ಪಾಲು ಕಡಿಮೆಯಾಗುತ್ತದೆ. ನಮ್ಮ ಮುಂಗಾರಿನ ನಾಡುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಭಾರದ ಆಮ್ಲಜನಕ ಕಡಿಮೆ ಇದ್ದರೆ ಒಳ್ಳೇ ಮಳೆಯ ವರ್ಷ, ಹೆಚ್ಚಿದ್ದರೆ ಮಳೆ ಕೈಕೊಟ್ಟ ವರ್ಷ.

ಆ ಮಳೆನೀರೇ ಗುಹೆಗೆ ಇಳಿದು ಕಲ್ಲಾಗುವುದರಿಂದ ಆ ವರ್ಷದ ಗುರುತು ಪದರದಲ್ಲಿ ಉಳಿಯುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಸಣ್ಣ ಬೈರಿಗೆಯಿಂದ ಪದರ ಪದರವಾಗಿ ಪುಡಿ ಕೆರೆದು, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಭಾರದ್ದೆಷ್ಟು ಹಗುರದ್ದೆಷ್ಟು ಎಂದು ತೂಗುತ್ತಾರೆ. ಆಕಳಗವಿಯ ಕಲ್ಲಿನಿಂದಲೂ ಪುಡಿ ತೆಗೆದು ನೋಡಿದ್ದಾರೆ.

ಈ ಕಲ್ಲುಗಳು ಏನು ಹೇಳಿವೆ?

ಇದನ್ನು ಓದುವ ಮೊದಲು ನಮ್ಮ ಮನೆಯ ಜಗಳ ಹೇಳಬೇಕು.

ನಮ್ಮದು ಎರಡು ಎಕರೆ ಹೊಲ. ಸೈಟ್ ಮಾಡುವವರು ಬಂದು ಕೇಳುತ್ತಿದ್ದಾರೆ. ಅಪ್ಪನಿಗೆ ಕೊಟ್ಟುಬಿಡುವ ಮನಸ್ಸು. "ಮಳೆ ಕಾಲ ಮುಗೀತು ಅವ್ವಾ. 2023ರಲ್ಲಿ ನೋಡಿದ್ಯಲ್ಲ, ರಾಗಿ ಮೊಣಕಾಲೆತ್ತರ ಬಂದು ಒಣಗೋಯ್ತು. ಮುಂದೆ ಇನ್ನೂ ಕೆಟ್ಟೋಗ್ತದೆ" ಅನ್ನುತ್ತಾರೆ. ಅಜ್ಜಿ ಒಪ್ಪುವುದಿಲ್ಲ. "ಏನ್ಲಾ ನೀನು ಕಂಡಿರೋದು? ಧಾತು ಈಶ್ವರದ ಬರ ಅಂತ ನಮ್ಮಜ್ಜಿ ಹೇಳ್ತಿತ್ತು, ಜನ ಹುಲ್ಲು ಬೀಜ ತಿಂದವ್ರೆ. ಅದು ಕಳೀಲಿಲ್ವಾ? ಬರ ಬರ್ತದೆ, ಹೋಯ್ತದೆ. ಭೂಮಿ ಹೋದ್ರೆ ಬರಾಕಿಲ್ಲ" ಅನ್ನುತ್ತಾರೆ. ಹಬ್ಬಕ್ಕೆ ಅಪ್ಪ ಬಂದಾಗಲೆಲ್ಲಾ ಇದೇ ಮಾತು. ಊಟ ತಣ್ಣಗಾಗುತ್ತದೆ.

ಯಾರು ಸರಿ? ಮಳೆಮಾಪನ ಇಟ್ಟು ಅಳೆದ ಲೆಕ್ಕ ನೋಡೋಣ ಅಂದರೆ, ಭಾರತದ ಹವಾಮಾನ ಇಲಾಖೆ ಶುರುವಾದದ್ದೇ 1875ರಲ್ಲಿ. ಅದಕ್ಕೂ ಹಿಂದಿನದನ್ನು ಕೇಳಲು ಕಲ್ಲಿನ ಹತ್ತಿರ ಹೋಗಬೇಕು.

ಅಜ್ಜಿ ಹೇಳುವ ಬರ ನಿಜ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ಬಂದದ್ದು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ಈ ಸಂಖ್ಯೆ ಬರೆಯುವಾಗ ನನ್ನ ಕೈ ನಿಂತಿತು.

ಇನ್ನೂ ಹಿಂದೆ ಹೋಗೋಣ. ಛತ್ತೀಸಗಡದ ಕಾಂಗೇರ್ ಕಣಿವೆಯಲ್ಲಿ ದಂಡಕ್ ಎಂಬ ಗುಹೆ ಇದೆ. ಅಲ್ಲಿಯ ಏಳುಗಲ್ಲು ಸುಮಾರು ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಕಥೆ ಹೇಳುತ್ತದೆ ಎಂದು 2007ರಲ್ಲಿ ಪ್ರಕಟವಾಯಿತು. ಅದರಲ್ಲಿ 14ನೇ ಶತಮಾನದ ನಡುವಿನಿಂದ 15ನೇ ಶತಮಾನದ ನಡುವಿನವರೆಗೆ ಮಳೆ ಮತ್ತೆ ಮತ್ತೆ ಸೋತಿದೆ. ದಖ್ಖನ್ನಿನಲ್ಲಿ 1396ರಿಂದ ಹಲವು ವರ್ಷ ದುರ್ಗಾದೇವಿ ಬರ ಎಂಬ ಘೋರ ಬರ ಬಂದಿತ್ತೆಂದು ಇತಿಹಾಸದಲ್ಲಿದೆ. ಜನ ಹೇಳಿದ್ದೂ ಕಲ್ಲು ಹೇಳಿದ್ದೂ ಹೊಂದಿಕೊಂಡವು!

ಮೇಘಾಲಯದ ಚಿರಾಪುಂಜಿಯ ಹತ್ತಿರ ಮೌಮ್ಲು ಎಂಬ ಗುಹೆ ಇದೆ. ಅಲ್ಲಿಯ ಏಳುಗಲ್ಲಿನಲ್ಲಿ ಸುಮಾರು 4,200 ವರ್ಷ ಹಿಂದೆ ಮುಂಗಾರು ದುರ್ಬಲವಾದ ಗುರುತು ಸ್ಪಷ್ಟವಾಗಿ ಸಿಕ್ಕಿತು. ಅದೇ ಕಾಲದ ಒಣಗಾಲದ ಗುರುತು ಪ್ರಪಂಚದ ಬೇರೆ ಕಡೆಗಳಲ್ಲೂ ಇದೆ. 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವು ಅಲ್ಲಿಂದ ಇಲ್ಲಿಯವರೆಗಿನ ಕಾಲಕ್ಕೆ ‘ಮೇಘಾಲಯನ್ ಯುಗ’ ಎಂದು ಹೆಸರಿಟ್ಟಿತು. ನಾವೆಲ್ಲಾ ಈಗ ಇರುವುದು ಮೇಘಾಲಯನ್ ಯುಗದಲ್ಲಿ. ಭಾರತದ ಒಂದು ಏಳುಗಲ್ಲಿನಿಂದ ಇಡೀ ಭೂಮಿಯ ಯುಗಕ್ಕೆ ಹೆಸರು ಬಂತು!

ಅಜ್ಜಿಗೂ ಅಪ್ಪನಿಗೂ

ಇದನ್ನೆಲ್ಲಾ ನಾನು ಮನೆಯಲ್ಲಿ ಓದಿ ಹೇಳಿದೆ. ಅಜ್ಜಿ "ನಾನು ಹೇಳ್ಲಿಲ್ವಾ?" ಅಂತ ಅಪ್ಪನ ಕಡೆ ನೋಡಿದರು. ಹೌದು, ಬರ ಹೊಸದಲ್ಲ. ಬೋರ್‌ವೆಲ್ ಕೊರೆಯುವುದಕ್ಕೆ ಎಷ್ಟೋ ನೂರು ವರ್ಷ ಮುಂಚೆಯೂ ಬಂದಿದೆ, ಹೋಗಿದೆ.

ಆದರೆ ಅಪ್ಪನ ಮಾತಿನಲ್ಲೂ ನಿಜ ಇದೆ. ಕಲ್ಲುಗಳು ಹೇಳುವ ಪ್ರಕಾರ ಬರ ಒಂದು ವರ್ಷಕ್ಕೆ ಬಂದು ಹೋಗುತ್ತದೆ ಅಂತ ಏನೂ ಇಲ್ಲ, ಹತ್ತಾರು ವರ್ಷ ಸಾಲಾಗಿಯೂ ಬರಬಹುದು. ಅಲ್ಲದೆ ಆಗಿನ ಜನ ಕೆರೆ, ತೆರೆದ ಬಾವಿ ನಂಬಿದ್ದರು. ನಾವು ಸಾವಿರ ಅಡಿ ಕೆಳಗಿನ ನೀರನ್ನೂ ಮೇಲೆತ್ತಿ ಮುಗಿಸಿದ್ದೇವೆ. ನಮ್ಮ ಬೋರ್ ನಿಂತದ್ದಕ್ಕೆ ಬರೀ ಮಳೆಯನ್ನು ಬೈದರೆ ತಪ್ಪಾಗುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಉಳವಿ ಕಲ್ಲು ಮುಂದಿನ ವರ್ಷದ ಮಳೆ ಹೇಳ್ತದಾ ಮಗಾ?" ಅಂತ ಕೇಳಿದರು. ಹೇಳುವುದಿಲ್ಲ. ಅದು ಬರೆದಿರುವುದು ಆಗಿಹೋದದ್ದನ್ನು ಮಾತ್ರ. ಅದೂ ಉಳವಿಯ ಕಾಡಿನ ಮಳೆಯನ್ನು. ಉಳವಿಗೆ ಬೀಳುವ ಮುಂಗಾರೇ ಬೇರೆ, ನಮ್ಮ ಊರಿಗೆ ಬೀಳುವುದೇ ಬೇರೆ. ನಮ್ಮ ರಾಗಿಗೆ ಬೇಕಾದ ಹಸ್ತ, ಚಿತ್ತೆ ಮಳೆಯನ್ನು ಬರೆದಿಡಲು ನಮ್ಮ ಬಂಡೆಗಳಿಗೆ ಬರುವುದಿಲ್ಲ. "ಇಲ್ಲ ಅಪ್ಪಾ" ಅಂದೆ. ಅಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ಹೊಲದ ವಿಷಯ ಯುಗಾದಿ ಕಳೆಯಲಿ, ಆಮೇಲೆ ನೋಡೋಣ ಅಂದರು. ಈ ಲೇಖನ ಬರೆಯುವವರೆಗೂ ಹೊಲ ನಮ್ಮದೇ.

ಕೊನೆಯ ಮಾತು

ನಮ್ಮ ಕಲ್ಲು ಬರೆಯದಿದ್ದರೆ ನಾವೇ ಬರೆಯಬೇಕು. ನಾನು ಒಂದು ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಆಲಿಕೆಯ ಹಾಗೆ ಬೋರಲು ಮಾಡಿ ಕೂರಿಸಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ ಮಳೆಮಾಪನ ಮಾಡಿದ್ದೇನೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಮೊದಲು ಸ್ಕೇಲಿನ ಸೊನ್ನೆಯವರೆಗೆ ನೀರು ತುಂಬಿಸಿಡಬೇಕು. ಮೊದಲ ಮಳೆ ಬಿದ್ದ ದಿನದಿಂದ ಬರೆಯುತ್ತೇನೆ. ಅಜ್ಜಿ ಯಾವ ನಕ್ಷತ್ರದ ಮಳೆ ಅಂತ ಹೇಳುತ್ತಾರೆ, ನಾನು ಮಿಲಿಮೀಟರ್ ಬರೆಯುತ್ತೇನೆ. ಬೇರೆ ಬೇರೆ ಕೇರಿಯವರೂ ಒಂದೊಂದು ಇಟ್ಟರೆ ಇದೇ ಗೋಡೆಯ ಮೇಲೆ ತಿಂಗಳಿಗೊಮ್ಮೆ ಪಟ್ಟಿ ಹಾಕಬಹುದು. ಬರುವವರು ನನಗೆ ಹೆಸರು ಕೊಡಿ.

ಇನ್ನೊಂದು ಬೇಡಿಕೆ. ನಿಮ್ಮಲ್ಲಿ ಯಾರಾದರೂ ಉಳವಿ ಜಾತ್ರೆಗೋ ಬೆಲಂ ಗುಹೆಗೋ ಹೋದರೆ ದಯವಿಟ್ಟು ಕಲ್ಲು ಮುರಿಯಬೇಡಿ, ಕೈಯಿಂದ ಸವರಲೂ ಬೇಡಿ. ಕೈಯ ಜಿಡ್ಡು ತಗುಲಿದರೆ ಹೊಸ ಪದರ ಸರಿಯಾಗಿ ಕೂರುವುದಿಲ್ಲ. ವಿಜ್ಞಾನಿಗಳು ಕೂಡ ಅಪ್ಪಣೆ ಪಡೆದು, ಆದಷ್ಟು ಮಟ್ಟಿಗೆ ತಾನಾಗಿ ಮುರಿದು ಬಿದ್ದ ಕಲ್ಲನ್ನೇ ಹುಡುಕುತ್ತಾರೆ. ರಿಚರ್ಡ್ಸ್ ಟೌನ್ ತೊಟ್ಟಿಯ ಕೊಳವೆ ಮೂರು ತಿಂಗಳಲ್ಲಿ ಮತ್ತೆ ಬಂತು. ಗುಹೆಯ ಕಲ್ಲು ಅಷ್ಟು ಬೆಳೆಯಲು ಇನ್ನೂರು ವರ್ಷ ಬೇಕಾಗಬಹುದು. ಅಷ್ಟು ಹೊತ್ತು ಕಾಯಲು ನಾವು ಯಾರೂ ಇರುವುದಿಲ್ಲ.

ಯೋಚಿಸಿ ಉತ್ತರಿಸಿ (ಉತ್ತರ ಬರೆದು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿಡಿ)

1. ತೂಗುಗಲ್ಲು ಕೊಳವೆಯ ಹಾಗೆ ಪೊಳ್ಳು, ಏಳುಗಲ್ಲು ಗಟ್ಟಿ. ಏಕೆ?

2. ಒಂದು ಕಲ್ಲಿನ ಪದರಗಳನ್ನು ಎಣಿಸಿದಾಗ 331 ಬಂತು. ನಡುವೆ ಎರಡು ವರ್ಷ ಹನಿಯೇ ಬಿದ್ದಿರಲಿಲ್ಲ. ಕಲ್ಲಿನ ನಿಜವಾದ ವಯಸ್ಸು ಎಷ್ಟು?

3. ನಿಮ್ಮ ಮನೆಯಲ್ಲಿ ಅತ್ಯಂತ ಹಿರಿಯರನ್ನು ಕೇಳಿ: ಅವರು ಕಂಡ ಅತಿ ದೊಡ್ಡ ಬರ ಯಾವ ವರ್ಷ? ಆಗ ಏನು ತಿಂದರು?

ಮೂರನೆಯ ಪ್ರಶ್ನೆಯ ಉತ್ತರಗಳನ್ನು ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಹಾಕುತ್ತೇವೆ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ